ಗರಿಕೆಯ ಕಣೆ ನೊಣ: ಮೂರು ತಿಂಗಳ ಟಿಪ್ಪಣಿ

ಸೆಪ್ಟೆಂಬರ್ 14
ಮೂರು ದಿನದಿಂದ ಮೋಡ, ಜಿಟಿಜಿಟಿ ಮಳೆ. ಕೊಪ್ಪಳ ಜಿಲ್ಲೆಯ ಕಾರಟಗಿ ಕಡೆಯ ನಮ್ಮ ಗದ್ದೆಯಲ್ಲಿ ತಡವಾಗಿ ನಾಟಿಯಾದ ಮಡಿಗಳಿಗೆ, ಭತ್ತದ ಸುಳಿಯನ್ನು ಕೊಳವೆಯಂಥ ಕಣೆಯಾಗಿಸುವ ಕಣೆ ನೊಣ ಬಿದ್ದಿದೆ. ಅದು ಹಳೆಯ ಕತೆ. ಇವತ್ತು ಬದುವಿನ ಗರಿಕೆಯಲ್ಲೂ ಕಣೆ ಸಿಕ್ಕಿತು. ಸುಳಿ ಎಲೆ ಬರಬೇಕಾದ ಜಾಗದಲ್ಲಿ ಬಿಳಿಚಿಕೊಂಡ ಸಣ್ಣ ಕೊಳವೆ. ಪಕ್ಕದ ಕ್ಯಾಂಪಿನ ಹಿರಿಯರು ನೋಡಿ, “ಉಲ್ಲಿಕೋಡು ಹುಲ್ಲಿಗೂ ಬಂತಲ್ರೀ ಸರ್, ಬದು ಕೆತ್ತಿ ಸುಟ್ಟುಬಿಡ್ರಿ” ಅಂದರು. ಉಲ್ಲಿಕೋಡು ಅಂದರೆ ತೆಲುಗಿನಲ್ಲಿ ಇದೇ ಕಣೆ ನೊಣದ ಕಾಟ. ಒಂದು ತಿಂಗಳು ಬಿಡಿ ಅಂತ ಕೇಳಿಕೊಂಡೆ.

ಇದು ಭತ್ತದ ನೊಣವೇ ಆದರೆ ಅವರ ಮಾತು ಸರಿ. ಬೇರೆ ಜಾತಿಯಾದರೆ, ಸುಡುವುದು ಬರೀ ಹುಲ್ಲನ್ನಲ್ಲ, ಅದರಲ್ಲಿ ಆಸರೆ ಪಡೆದ ಪರತಂತ್ರ ಕಣಜಗಳನ್ನೂ, ಅಂದರೆ ನೊಣದ ಮರಿಯೊಳಗೇ ಬೆಳೆದು ಅದನ್ನು ಕೊಲ್ಲುವ ಕಣಜಗಳನ್ನೂ.

ಸೆಪ್ಟೆಂಬರ್ 29
40 ಕಣೆಗಳನ್ನು ಒದ್ದೆ ಹತ್ತಿಯ ಜೊತೆ ಬಾಟಲಿಗಳಲ್ಲಿ ಇಟ್ಟಿದ್ದೆ. ರಾತ್ರಿ ಹನ್ನೊಂದಕ್ಕೆ ಟಾರ್ಚ್ ಹಿಡಿದು ಕೂತಾಗ ಒಂದು ಕಣೆಯ ತುದಿ ಅಲುಗಿತು. ಕೋಶ (ನೊಣವಾಗುವ ಮುಂಚಿನ ಪ್ಯೂಪಾ ಹಂತ) ಒಳಗಿನಿಂದಲೇ ಮೈ ತಿರುಚುತ್ತ ಮೇಲೇರಿ, ತುದಿಯಲ್ಲಿ ತೂತು ಮಾಡಿ, ಅರ್ಧ ಮೈ ಹೊರಗೆ ಚಾಚಿತು. ಬೆನ್ನು ಸೀಳಿತು. ಕೆಂಪು ಹೊಟ್ಟೆಯ, ಸೊಳ್ಳೆಗಿಂತ ಚಿಕ್ಕ ಹೆಣ್ಣು ನೊಣ ಕಾಲು ಒಂದೊಂದಾಗಿ ಎಳೆದುಕೊಂಡು ಹೊರಬಂತು. ಖಾಲಿ ಕೋಶದ ಸಿಪ್ಪೆ ತೂತಿನಲ್ಲೇ ಬಾವುಟದ ಹಾಗೆ ನಿಂತಿತ್ತು. ಆ ಸಿಪ್ಪೆಯನ್ನು ಎಸೆಯಬಾರದು, ಹಣೆಯ ಕೊಂಬು ಮುಳ್ಳುಗಳೆಲ್ಲ ಅದರಲ್ಲೇ ಉಳಿದಿರುತ್ತವೆ.

ಒಟ್ಟು 11 ನೊಣ ಬಂದವು. 17 ಕಣೆಗಳಿಂದ ನೊಣವೇ ಬರಲಿಲ್ಲ, ಕಪ್ಪು ಕಣಜಗಳು ಬಂದವು. ಉಳಿದವು ಒಣಗಿದವು.

ಅಕ್ಟೋಬರ್ 12
ಸೂಕ್ಷ್ಮದರ್ಶಕಕ್ಕೆ ಸ್ಲೈಡ್ ಮಾಡುವ ಕೆಲಸ. ಆತುರಪಟ್ಟು, ಒಳಗಿನ ಮಾಂಸ ಕರಗಿಸುವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಸಿ ಮಾಡಿ ಮೂರು ನೊಣ ಕಳೆದುಕೊಂಡೆ, ಮೀಸೆಗಳು ಗಣ್ಣು ಗಣ್ಣಾಗಿ ಕಳಚಿ ಹೋದವು. ಬಹಳ ನೋವಾಯಿತು. ಈಗ ತಣ್ಣನೆಯ ದ್ರಾವಣದಲ್ಲಿ ರಾತ್ರಿಯಿಡೀ ಇಟ್ಟು, ಆಲ್ಕೋಹಾಲ್, ಲವಂಗದ ಎಣ್ಣೆ ದಾಟಿಸಿ ಕೆನಡಾ ಬಾಲ್ಸಂ ಎಂಬ ಪಾರದರ್ಶಕ ಅಂಟಿಗೆ ಕೂರಿಸುತ್ತಿದ್ದೇನೆ. ನೋಡಬೇಕಾದ್ದು ಮೀಸೆಯ ಗಣ್ಣುಗಳ ಆಕಾರ, ಅವುಗಳ ಸುತ್ತ ಕುಣಿಕೆ ಹಾಕಿದಂಥ ಎಳೆಗಳು, ಉಗುರು, ರೆಕ್ಕೆಯ ನರ, ಎಲ್ಲಕ್ಕಿಂತ ಮುಖ್ಯವಾಗಿ ಗಂಡಿನ ಜನನಾಂಗ. ಕೊನೆಯ ಹಂತದ ಮರಿಹುಳುವಿನ ಎದೆಯಡಿ ಸಣ್ಣ ಕರಣೆಯಂಥ ತುಂಡು ಇರುತ್ತದೆ, ಅದರ ತುದಿಯ ಕವಲನ್ನೂ ಚಿತ್ರ ಬರೆದುಕೊಂಡೆ.

ಗೆಳೆಯರು “ಹೊಸ ಜಾತಿ ಸಿಕ್ತಾ?” ಅಂತ ದಿನಾ ಕೇಳುತ್ತಾರೆ. ಗಿಡ ಬೇರೆ ಅನ್ನುವ ಒಂದೇ ಕಾರಣಕ್ಕೆ ನೊಣ ಬೇರೆ ಆಗುವುದಿಲ್ಲ. ಹಾಗೆಯೇ, ನೋಡಲು ಒಂದೇ ತರಹ ಇದ್ದ ಮಾತ್ರಕ್ಕೆ ಒಂದೇ ಜಾತಿಯೂ ಅಲ್ಲ. ಆಫ್ರಿಕದ ಭತ್ತದ ಕಣೆ ನೊಣವನ್ನು ಬಹುಕಾಲ ನಮ್ಮ ಏಷ್ಯಾದ ಒರ್ಸಿಯೋಲಿಯಾ ಒರೈಝೆ ಎಂದೇ ನಂಬಿದ್ದರು. 1982ರಲ್ಲಿ ಕೀಟತಜ್ಞರಾದ ಹ್ಯಾರಿಸ್ ಮತ್ತು ಗ್ಯಾನ್ಯೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಅದಕ್ಕೆ ಒರ್ಸಿಯೋಲಿಯಾ ಒರೈಝಿವೊರಾ ಎಂದು ಹೆಸರಿಟ್ಟರು. ಅಲ್ಲಿ ಹಾರಕದ ಹುಲ್ಲಿನ ನೊಣಕ್ಕೂ 1999ರಲ್ಲಿ ಒರ್ಸಿಯೋಲಿಯಾ ಬೊಂಝಿ ಎಂಬ ಪ್ರತ್ಯೇಕ ಹೆಸರು ಬಂತು. ಗರಿಕೆಗೂ ಒಂದು ಹೆಸರು ಆಗಲೇ ಇದೆ: ಇಟಲಿಯ ಗರಿಕೆಯಿಂದ 1902ರಲ್ಲಿ ವರ್ಣಿಸಿದ ಒರ್ಸಿಯೋಲಿಯಾ ಸೈನೊಡೊಂಟಿಸ್. ಹಾಗಾಗಿ ನಾನು ನಮ್ಮ ಭತ್ತದ್ದು, ಇಟಲಿಯ ಗರಿಕೆಯದ್ದು ಎರಡು ಜಾತಿಗಳಿಂದಲೂ ಇದನ್ನು ಬೇರ್ಪಡಿಸಿ ತೋರಿಸಬೇಕು. ಬರೀ ಭತ್ತದ್ದಲ್ಲ ಅಂದರೆ ಅರ್ಧ ಕೆಲಸ.

ನವೆಂಬರ್ 20
ಬಲೆ ಕಟ್ಟಿದ ಆರು ಕುಂಡ: ಮೂರರಲ್ಲಿ ಬಿಪಿಟಿ ಸೋನಾ ತಳಿಯ ಭತ್ತದ ಸಸಿ, ಮೂರರಲ್ಲಿ ಗರಿಕೆ. ಎರಡನೇ ಸಲ ತಂದ ಕಣೆಗಳಿಂದ ಎದ್ದ ನೊಣಗಳನ್ನು ಅದೇ ರಾತ್ರಿ ಬಿಟ್ಟಿದ್ದೆ, ಅವು ಬದುಕುವುದೇ ಎರಡು ಮೂರು ದಿನ. ಮರಿಹುಳು ಸುಳಿಗೆ ಇಳಿಯಲು ಎಲೆ ಒದ್ದೆ ಇರಬೇಕು, ಅದಕ್ಕೆ ಬೆಳಗ್ಗೆ ಸಂಜೆ ನೀರು ಚಿಮುಕಿಸಿದೆ. ಗರಿಕೆಯ ಎರಡು ಕುಂಡಗಳಲ್ಲಿ ಐದು ಕಣೆ. ಭತ್ತದಲ್ಲಿ ಒಂದೂ ಇಲ್ಲ. ಬಿಪಿಟಿ ಭತ್ತದ ಕಣೆ ನೊಣಕ್ಕೆ ಸುಲಭದ ತುತ್ತು, ಆದ್ದರಿಂದ ಈ ಸೊನ್ನೆಗೆ ತೂಕವಿದೆ ಅನ್ನಿಸುತ್ತದೆ. ಆದರೂ ಒಂದೇ ಸುತ್ತು ಸಾಲದು. ಭತ್ತದ ನೊಣವನ್ನು ಗರಿಕೆಗೆ ಬಿಟ್ಟೂ ನೋಡಬೇಕು.

ಡಿಸೆಂಬರ್ 8
ಕೈಯಲ್ಲಿ ಈಗ ಎಂಟು ಒಳ್ಳೆಯ ಸ್ಲೈಡ್, ಅದರಲ್ಲಿ ಗಂಡು ಎರಡೇ. ಎರಡು ಗಂಡಿನ ಮೇಲೆ ಜಾತಿ ಕಟ್ಟಲಾಗದು. ಡಿಎನ್‌ಎಗೆಂದು ನಾಲ್ಕು ನೊಣ ಶುದ್ಧ ಆಲ್ಕೋಹಾಲ್‌ನಲ್ಲಿ ಬೇರೆ ಇವೆ. ಹೊಸದೇ ಎಂದು ಖಾತ್ರಿಯಾದರೆ, 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಮಾದರಿಗಳು ಅಧಿಕೃತ ಸಂಗ್ರಹಾಲಯಕ್ಕೆ ಹೋಗಬೇಕು, ನನ್ನ ಕಪಾಟಿಗಲ್ಲ.

ಹಿರಿಯರು ನಿನ್ನೆ ಬದು ಕೆತ್ತಿಸಿದರು. ನಾನು ಕೋಲು ನೆಟ್ಟು ಗುರುತು ಮಾಡಿದ ಎರಡು ಮಾರು ಗರಿಕೆಯನ್ನು ಮಾತ್ರ ಮುಟ್ಟಿಲ್ಲ.