ಮೂರಡಿ ನೀರಿನಲ್ಲಿ ಫ್ರೀಸ್ಟೈಲ್

ನನಗೆ ಈಜು ಬರುತ್ತಿತ್ತು. ತೊಂದರೆಯೇ ಅದು. ಸೊಂಟಕ್ಕೆ ಬೆಂಡು ಕಟ್ಟಿ ಊರ ಬಾವಿಗೆ ತಳ್ಳಿ ಕಲಿಸಿದ ಈಜು. ತಲೆ ಸದಾ ನೀರಿನ ಮೇಲೆ, ಕಣ್ಣು ಮೆಟ್ಟಿಲ ಕಡೆ. ಬಾವಿಗೆ ಅಷ್ಟು ಸಾಕು, ಅಲ್ವಾ? ಆದರೆ ಬೆಂಗಳೂರಿನ 25 ಮೀಟರ್ ಪೂಲ್‌ನಲ್ಲಿ ಫ್ರೀಸ್ಟೈಲ್ ಹೊಡೆಯಲು ಹೋದರೆ ಅರ್ಧಕ್ಕೇ ಏದುಸಿರು.

ಕೋಚ್ ಒಂದು ಸಲ ನೋಡಿದರು. "ತಲೆ ಎತ್ತಿದ್ರೆ ಕಾಲು ಮುಳುಗುತ್ತೆ. ಮುಳುಗಿದ ಕಾಲನ್ನ ಎಳ್ಕೊಂಡು ಹೋಗ್ತಿದ್ದೀರ" ಎಂದು ಹೇಳಿ, ಸೀದಾ ಮಕ್ಕಳ ಪೂಲ್ ತೋರಿಸಿದರು. ಮೂರಡಿ ನೀರು. ನನ್ನ ಸೊಂಟಕ್ಕೂ ಬರುವುದಿಲ್ಲ.

ಆ ಭಾನುವಾರ ಬೆಳಗ್ಗೆ ಪೂರ್ತಿ ಅಲ್ಲೇ. ಅಂಚಿನ ಕಂಬಿ ಹಿಡಿದು ಮುಖ ನೀರಿಗೆ ಹಾಕುವುದು, ಗುಳುಗುಳು ಅಂತ ಉಸಿರು ಬಿಡುವುದು, ಪಕ್ಕಕ್ಕೆ ತಿರುಗಿ ಎಳೆದುಕೊಳ್ಳುವುದು. ತಲೆ ಎತ್ತುವ ಹಾಗಿಲ್ಲ, ಬರೀ ತಿರುಗಿಸಬೇಕು. ಸರಿಯಾಗಿ ತಿರುಗಿಸಿದರೆ ಕನ್ನಡಕದ ಒಂದು ಗಾಜು ನೀರೊಳಗೆ, ಇನ್ನೊಂದು ಹೊರಗೆ. ಒಂದು ಕಣ್ಣಿಗೆ ನೀಲಿ ಟೈಲ್ಸ್, ಇನ್ನೊಂದಕ್ಕೆ ಬಿಸಿಲು. ಎರಡೂ ಗಾಜು ಹೊರಬಂದರೆ ಮತ್ತೆ ಬಾವಿ ಈಜೇ! ಪಕ್ಕದಲ್ಲಿ ತೋಳಿಗೆ ಗಾಳಿಪಟ್ಟಿ ಕಟ್ಟಿಕೊಂಡಿದ್ದ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ನೋಡಿ, "ಅಂಕಲ್, ಮೂಗಲ್ಲೂ ಬಿಡ್ಬೇಕು" ಎಂದಳು. ಬಿಟ್ಟೆ. ಮೂಗು ಉರಿಯುವುದು ನಿಂತಿತು.

ನನ್ನ ಏದುಸಿರಿಗೂ ಕಾರಣ ಅಲ್ಲೇ ಸಿಕ್ಕಿತು. ನೀರೊಳಗೆ ಉಸಿರು ಬಿಡದೆ ಹಿಡಿದಿಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಗಾಬರಿ ಹುಟ್ಟಿಸುವುದೇ ಅದು. ಮುಖ ಮೇಲೆ ಬಂದಾಗ ಮೊದಲು ಹಳೇ ಗಾಳಿ ಬಿಡಬೇಕು, ಆಮೇಲೆ ಹೊಸದು ಎಳೆಯಬೇಕು. ಅಷ್ಟು ಸಮಯ ಎಲ್ಲಿರುತ್ತದೆ? ಆಳದ ನೀರಿನಲ್ಲಿ ಇದನ್ನೆಲ್ಲ ಗಮನಿಸುವ ಪುರುಸೊತ್ತೇ ಇರುವುದಿಲ್ಲ, ಜೀವ ಉಳಿದರೆ ಸಾಕು ಅನ್ನಿಸುತ್ತಿರುತ್ತದೆ. ಮೂರಡಿಯಲ್ಲಿ ಬೇಡವೆಂದಾಗ ಎದ್ದು ನಿಲ್ಲಬಹುದು. ಹಾಗಾಗಿ ತಲೆಗೆ ಒಂದೇ ಕೆಲಸ, ಉಸಿರು.

ಮಧ್ಯಾಹ್ನದ ಹೊತ್ತಿಗೆ ದೊಡ್ಡ ಪೂಲ್‌ಗೆ ಕಳಿಸಿದರು. ನಿಲ್ಲಲು ಆಗುವಷ್ಟು ದೂರ ಚೆನ್ನಾಗೇ ಹೋದೆ. ನೆಲ ಇಳಿಜಾರಾಗಿ ಟೈಲ್ಸ್ ದೂರವಾಗುವ ಜಾಗ ಬಂತು ನೋಡಿ, ತಲೆ ತಾನಾಗೇ ಮೇಲೆದ್ದಿತು! ಕೋಚ್ ನಕ್ಕು ಮತ್ತೆ ಮಕ್ಕಳ ಪೂಲ್ ಕಡೆಗೇ ಕೈ ತೋರಿಸಿದರು. ನಾಚಿಕೆಯೇನೂ ಆಗಲಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 14ನೇ ವಯಸ್ಸಿಗೇ 200 ಮೀಟರ್ ಫ್ರೀಸ್ಟೈಲ್ ಈಜಿದ ಬೆಂಗಳೂರಿನ ಧಿನಿಧಿ ದೇಸಿಂಗು ಕೂಡ ಚಿಕ್ಕವಳಿದ್ದಾಗ ನೀರಿಗೆ ತಲೆ ಹಾಕಲು ಹೆದರುತ್ತಿದ್ದಳಂತೆ.

ಈಗ 25 ಮೀಟರ್ ಸಲೀಸು. ತಲೆ ಕೆಳಗಿದ್ದರೆ ಸೊಂಟ ತಾನಾಗೇ ಮೇಲೆ ಬರುತ್ತದೆ, ಜಾಸ್ತಿ ಒದೆಯುವುದೂ ಬೇಕಿಲ್ಲ. ಆದರೆ ಇದೆಲ್ಲ ಬಲಗಡೆಗೆ ಮಾತ್ರ. ಎಡಗಡೆ ತಿರುಗಿದರೆ ಇನ್ನೂ ಬಾಯಿ ತುಂಬ ಕ್ಲೋರಿನ್ ನೀರು.