ಹೊರೆ ಹಂಚಲು ಹೋಗಿ ಮೂರು ದಾರಿ ಬೋಳು ಮಾಡಿದೆ

ನಿಮ್ಮ ಕೆಲಸ ಏನು ಅಂತ ಯಾರಾದರೂ ಕೇಳಿದರೆ ‘ಜನ ನಡೆಯೋ ದಾರಿ ನೋಡ್ಕೋತೀನಿ’ ಅಂತೀನಿ. ‘ಅದರಲ್ಲಿ ನೋಡ್ಕೊಳ್ಳೋಕೆ ಏನಿದೆ?’ ಅನ್ನೋದು ಮರುಪ್ರಶ್ನೆ. ಸೇರಿದ ಹೊಸತರಲ್ಲಿ ನನಗೂ ಹಾಗೇ ಅನ್ನಿಸಿತ್ತು. ಮರಗಿಡ ತುಂಬಿದ ದೊಡ್ಡ ಉದ್ಯಾನ, ಒಳಗೆಲ್ಲ ಮಣ್ಣಿನ ಕಾಲುದಾರಿಗಳು. ಬಿದ್ದ ಕೊಂಬೆ ತೆಗೆಸುವುದು, ಗುಂಡಿ ಮುಚ್ಚಿಸುವುದು, ಬೋರ್ಡು ನೆಡಿಸುವುದು. ಇಷ್ಟೇ ತಾನೇ?

ನಾಲ್ಕನೇ ವರ್ಷ ಒಂದು ಎಡವಟ್ಟು ಮಾಡಿದೆ. ಆಮೇಲೆ ಹಾಗೆ ಅನ್ನಿಸಿಲ್ಲ.

ಕೊಳದ ಕಡೆ ಹೋಗುವ ದಾರಿ ಆಗಲೇ ತೀರ ಸವೆದಿತ್ತು. ನಡುವೆ ಬೋಳು ನೆಲ, ಎರಡೂ ಅಂಚಿನಲ್ಲಿ ಹಳದಿ ತಿರುಗಿದ ಹುಲ್ಲು, ಅಲ್ಲಲ್ಲಿ ಮೇಲೆದ್ದ ಬೇರು. ಜನ ಎಡವುತ್ತಿದ್ದರು. ನಾನು ಹಾಕಿದ ಲೆಕ್ಕ ಸರಳವಾಗಿತ್ತು: ಇಷ್ಟೂ ಜನ ಒಂದೇ ದಾರಿ ತುಳಿದರೆ ನೆಲ ಹೇಗೆ ತಾನೇ ತಡೆಯುತ್ತದೆ? ಮೂರು ದಾರಿ ಕೊಟ್ಟರೆ ಒಂದೊಂದಕ್ಕೂ ಮೂರನೇ ಒಂದು ಪಾಲು ತುಳಿತ, ಹುಲ್ಲು ತಾನಾಗಿ ಚೇತರಿಸಿಕೊಳ್ಳುತ್ತದೆ. ಸುಣ್ಣದ ಪುಡಿಯಲ್ಲಿ ಎರಡು ಹೊಸ ಗೆರೆ ಎಳೆದೆ. ಒಂದು ಬಯಲ ಹುಲ್ಲಿನ ಮೇಲೆ, ಇನ್ನೊಂದು ಮರಗಳ ನೆರಳಿನಲ್ಲಿ. ಬಾಣದ ಗುರುತಿನ ಬೋರ್ಡೂ ನೆಡಿಸಿದೆ. ಒಳ್ಳೆಯ ಐಡಿಯಾ ಅಂತ ಮೇಲಿನವರಿಂದ ಶಭಾಷ್ ಕೂಡ ಸಿಕ್ಕಿತು.

ಒಂದು ಮಳೆಗಾಲ ಕಳೆಯಿತು. ನೆರಳಿನ ದಾರಿಯಲ್ಲಿ ಎಲೆಗಿಡ ಒಂದೂ ಉಳಿದಿರಲಿಲ್ಲ. ಬಯಲಿನ ದಾರಿ ನಡುವೆ ಬೋಳಾಗಿತ್ತು. ಹಳೆಯ ದಾರಿ ಮಾತ್ರ ಇದ್ದ ಹಾಗೇ ಇತ್ತು, ಕೂದಲೆಳೆಯಷ್ಟೂ ಸುಧಾರಿಸಿರಲಿಲ್ಲ. ನಮ್ಮ ಮೇಸ್ತ್ರಿ ಹಾರೆ ಊರಿಕೊಂಡು ನಿಂತು, ಬಯ್ಯುವ ದನಿಯೂ ಅಲ್ಲದ ದನಿಯಲ್ಲಿ, ‘ಒಂದ್ ಕಡೆ ಹುಣ್ಣಾಗಿತ್ತು. ಈಗ ಮೂರ್ ಕಡೆ ಮಾಡಿದ್ರಲ್ಲ ಸರ್’ ಅಂದರು.

ನನ್ನ ಕೂಡು-ಕಳೆಯಲ್ಲಿ ತಪ್ಪಿರಲಿಲ್ಲ. ನೆಲ ಆ ಲೆಕ್ಕಕ್ಕೆ ಸಿಗುವುದಿಲ್ಲ, ಅಷ್ಟೇ. ತುಳಿತ ಎರಡು ಪಟ್ಟಾದರೆ ಹಾಳೂ ಎರಡು ಪಟ್ಟು ಅಂತ ನಾನು ಅಂದುಕೊಂಡಿದ್ದೆ. ನಿಜದಲ್ಲಿ ಹಾಳಿನ ಹೆಚ್ಚಿನ ಪಾಲು ಶುರುವಿನ ಕೆಲವು ಹೆಜ್ಜೆಗಳಲ್ಲೇ ಆಗಿಹೋಗುತ್ತದೆ. ಆಮೇಲೆ ಎಷ್ಟು ಜನ ಬಂದರೂ ಹಾಳಾಗಲು ಉಳಿದಿರುವುದೇ ಕಡಿಮೆ. ಸವೆದ ದಾರಿಯ ಮೇಲೆ ಇನ್ನೂ ನೂರು ಜನ ನಡೆದರೆ ನಷ್ಟ ಅಲ್ಪ. ತುಳಿಯದ ನೆಲದ ಮೇಲೆ ಅದೇ ನೂರು ಜನ ನಡೆದರೆ ಗಿಡಗಳ ಕಥೆ ಮುಗಿಯಿತು.

ಇದನ್ನು ಅಳೆದು ನೋಡಿದವರಿದ್ದಾರೆ ಅಂತ ಗೊತ್ತಾಗಿದ್ದು ಆಮೇಲೆ. ತುಳಿತವನ್ನು ಎಲ್ಲರೂ ಒಂದೇ ರೀತಿ ಪರೀಕ್ಷಿಸಲಿ ಅಂತ ಡೇವಿಡ್ ಕೋಲ್ ಮತ್ತು ನೀಲ್ ಬೇಫೀಲ್ಡ್ ಎಂಬಿಬ್ಬರು 1993ರಲ್ಲಿ ಒಂದು ವಿಧಾನ ಪ್ರಕಟಿಸಿದರು. ಅರ್ಧ ಮೀಟರ್ ಅಗಲ, ಒಂದೂವರೆ ಮೀಟರ್ ಉದ್ದದ ಪಟ್ಟಿಗಳು. ಒಂದನ್ನು ಮುಟ್ಟುವ ಹಾಗಿಲ್ಲ. ಉಳಿದವುಗಳ ಮೇಲೆ 25, 75, 200, 500 ಸಲ ನಡೆಯಬೇಕು. ಎರಡು ವಾರ ಬಿಟ್ಟು ಒಮ್ಮೆ, ವರ್ಷ ಬಿಟ್ಟು ಒಮ್ಮೆ ಎಷ್ಟು ಹಸಿರು ಉಳಿದಿದೆ ಅಂತ ನೋಡಬೇಕು. ಇದಕ್ಕೆ ಬೇಕಾದ್ದು ಹಗ್ಗ, ಗೂಟ ಮತ್ತು ತಾಳ್ಮೆ. ಮೂರೂ ನಮ್ಮಲ್ಲಿತ್ತು. ಹಿಂಬದಿಯ ಖಾಲಿ ಜಾಗದಲ್ಲಿ ಹಗ್ಗ ಕಟ್ಟಿ ನಾವೂ ನಡೆದೆವು. ಹೋಗುವುದು, ಬರುವುದು, ಒಬ್ಬ ಎಣಿಸುವುದು. ದೂರದಿಂದ ನೋಡಿದವರು ನಮಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು.

25ಕ್ಕೇ ಎತ್ತರದ, ಮೆದು ಕಾಂಡದ ಗಿಡಗಳು ಮಲಗಿದವು. 75ಕ್ಕೆ ಅವುಗಳ ಕಾಂಡ ಮುರಿದು ಎಲೆ ಮಣ್ಣಿಗೆ ಅಂಟಿತ್ತು. 200ರ ಪಟ್ಟಿಗೂ 500ರ ಪಟ್ಟಿಗೂ ಏನು ವ್ಯತ್ಯಾಸ ಅಂತ ಹೊಸ ಹುಡುಗನನ್ನು ಕೇಳಿದೆ. ಅವನು ಎರಡೂ ಕಡೆ ಬಗ್ಗಿ ನೋಡಿ, ಯಾವುದು ಯಾವುದು ಅಂತ ನನ್ನನ್ನೇ ತಿರುಗಿ ಕೇಳಿದ.

ಹಾಳಿನ ಇನ್ನೊಂದು ಪಾಲು ಮಣ್ಣಿನೊಳಗಿದೆ. ಅದನ್ನು ನೋಡಲು ನಾನು ಈಗ ಹೊಸಬರಿಗೆಲ್ಲ ಮಾಡಿಸುವುದು ಒಂದೇ ಪಾಠ. ಎರಡೂ ಬದಿ ಕತ್ತರಿಸಿದ ತಗಡಿನ ಡಬ್ಬಿ ಎರಡು ತೆಗೆದುಕೊಳ್ಳಿ. ಒಂದನ್ನು ದಾರಿಯ ನಡುವೆ ಎರಡು ಬೆರಳಿನಷ್ಟು ಆಳಕ್ಕೆ ಬಡಿದು ಕೂರಿಸಿ. ಇನ್ನೊಂದನ್ನು ಯಾರೂ ಕಾಲಿಡದ ಕಡೆ, ಎರಡು ಮಾರು ಆಚೆ. ಎರಡಕ್ಕೂ ಒಂದೊಂದು ಲೋಟ ನೀರು. ಆಚೆಯ ಡಬ್ಬಿಯ ನೀರು ನಾವು ಮಾತಾಡುತ್ತಿರುವಾಗಲೇ ಇಂಗಿರುತ್ತದೆ. ದಾರಿಯ ಡಬ್ಬಿಯಲ್ಲಿ ಮಧ್ಯಾಹ್ನದ ಬಿಡುವು ಮುಗಿಸಿ ಬಂದರೂ ನೀರು ನಿಂತೇ ಇರುತ್ತದೆ. ಡಬ್ಬಿಯನ್ನು ಬಡಿದು ಇಳಿಸುವಾಗಲೇ ಕೈಗೆ ಅರ್ಧ ಉತ್ತರ ಸಿಕ್ಕಿರುತ್ತದೆ ಅನ್ನುವುದು ಬೇರೆ ಮಾತು.

ಆರೋಗ್ಯವಾಗಿರುವ ಮಣ್ಣಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಾಗ ಖಾಲಿ. ಅಲ್ಲಿ ಗಾಳಿ, ನೀರು ಇರುತ್ತವೆ. ಅಂಥ ಮಣ್ಣಿನ ಒಂದು ಘನ ಸೆಂಟಿಮೀಟರನ್ನು ಒಣಗಿಸಿ ತೂಗಿದರೆ ಸುಮಾರು 1.3 ಗ್ರಾಂ. ತುಳಿದು ತುಳಿದು ಅದು 1.6ರ ಆಸುಪಾಸಿಗೆ ಬಂದರೆ ಬಹಳಷ್ಟು ಬೇರುಗಳಿಗೆ ಮುಂದೆ ಹೋಗುವುದು ಕಷ್ಟ. ಜೇಡಿಮಣ್ಣಿನಲ್ಲಿ ಈ ಮಿತಿ ಇನ್ನೂ ಕೆಳಗೆ, ಮರಳಿನಲ್ಲಿ ಸ್ವಲ್ಪ ಮೇಲೆ. 1.6 ಗ್ರಾಂ ಅಂದರೂ ಸುಮಾರು ಶೇ. 40ರಷ್ಟು ಜಾಗ ಖಾಲಿಯೇ ಉಳಿದಿದೆಯಲ್ಲ, ಏನು ತೊಂದರೆ ಅಂತ ನಾನೂ ವಾದ ಮಾಡಿದ್ದೆ. ಆದರೆ ಹೋದದ್ದು ದೊಡ್ಡ ಕಿಂಡಿಗಳು. ನೀರು ಕೆಳಗಿಳಿಯುವುದು, ಗಾಳಿ ಆಡುವುದು, ಎಳೆಬೇರು ನುಸುಳುವುದು ಎಲ್ಲ ಅವುಗಳ ಮೂಲಕವೇ. ಉಳಿದಿರುವ ಸಣ್ಣ ಕಿಂಡಿಗಳು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ, ಬಿಡುವುದಿಲ್ಲ. ಅದಕ್ಕೇ ಇಂಥ ನೆಲ ಮಳೆಯಲ್ಲಿ ಕೊಚ್ಚೆ, ಬಿಸಿಲಲ್ಲಿ ಇಟ್ಟಿಗೆ.

ಒಬ್ಬ ಮನುಷ್ಯ ನಡೆದರೆ ಇಷ್ಟೆಲ್ಲ ಆಗುತ್ತಾ ಅಂತ ಕೇಳುತ್ತಾರೆ. ಒಂದು ಅಂಗಾಲು ಸುಮಾರು 200 ಚದರ ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. 70 ಕೆಜಿಯವರು ಒಂಟಿಗಾಲಲ್ಲಿ ನಿಂತರೆ ಚದರ ಸೆಂಟಿಮೀಟರಿಗೆ 350 ಗ್ರಾಂ ಭಾರ. ಕಾರಿನ ಟೈರು ಒತ್ತುವುದಕ್ಕಿಂತ ಎಷ್ಟೋ ಕಡಿಮೆ, ನಿಜ. ಆದರೆ ನಡೆಯುವಾಗ ಮೊದಲು ಊರುವುದು ಹಿಮ್ಮಡಿ. ಅಷ್ಟೂ ಭಾರ ಆ ಸಣ್ಣ ಜಾಗದ ಮೇಲೆ. ಕೊನೆಗೆ ಬೆರಳುಗಳು ನೆಲವನ್ನು ಹಿಂದಕ್ಕೆ ಒದ್ದು ತಿರುಚುತ್ತವೆ. ಇಳಿಜಾರಿನಲ್ಲಿ ಇಳಿಯುವಾಗ ಬೂಟು ಜಾರುತ್ತಾ ಮಣ್ಣನ್ನು ಕೆತ್ತಿಕೊಂಡೇ ಹೋಗುತ್ತದೆ. ಒದ್ದೆ ನೆಲವಾದರೆ ಕೇಳುವುದೇ ಬೇಡ. ಒಣ ಮಣ್ಣಿನ ಕಣಗಳು ಒಂದಕ್ಕೊಂದು ಆತುಕೊಂಡು ಭಾರ ತಡೆಯುತ್ತವೆ. ನೆನೆದ ಮಣ್ಣಿನಲ್ಲಿ ಜಾರಿ ಹತ್ತಿರ ಬಂದು ಕೂರುತ್ತವೆ. ಮಳೆ ನಿಂತ ಮರುದಿನ ಬೆಳಗ್ಗೆ ಬರುವ ಜನರನ್ನು ಕಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ. ಅವರಿಗೆ ಅದೇ ನಡೆಯಲು ಹಿತವಾದ ಹೊತ್ತು.

ಗಿಡಗಳ ವಿಷಯಕ್ಕೆ ಬಂದರೆ, ತುಳಿತವನ್ನು ತಡೆಯುವುದು ಹೊಸ ಚಿಗುರು ಹೊರಡುವ ಮೊಗ್ಗು ಎಲ್ಲಿದೆ ಅನ್ನುವುದರ ಮೇಲೆ ನಿಂತಿದೆ. ಹುಲ್ಲಿನ ಬೆಳೆಯುವ ತುದಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಎಲೆ ಹರಿದರೂ ಬುಡದಿಂದ ಮತ್ತೆ ಬರುತ್ತದೆ. ಗರಿಕೆಯಂತೂ ಮೇಲೂ ಹಬ್ಬುತ್ತದೆ, ಒಳಗೂ ಹಬ್ಬುತ್ತದೆ. ಪ್ಲಾಂಟಾಗೊ ಎಂಬ ಅಗಲೆಲೆಯ ಕಳೆಗಿಡ ತಟ್ಟೆಯಂತೆ ನೆಲಕ್ಕೆ ಒರಗಿ ಕೂರುತ್ತದೆ. ನೆನೆದಾಗ ಅದರ ಬೀಜ ಅಂಟಂಟಾಗಿ ಚಪ್ಪಲಿಯ ತಳಕ್ಕೆ ಹಿಡಿದುಕೊಂಡು ಜನರ ಜೊತೆಗೇ ಪ್ರಯಾಣ ಮಾಡುತ್ತದೆ. ಯೂರೋಪಿನವರ ಜೊತೆ ಉತ್ತರ ಅಮೆರಿಕಕ್ಕೆ ಹೋದ ಈ ಗಿಡವನ್ನು ಅಲ್ಲಿನ ಮೂಲನಿವಾಸಿಗಳು ‘ಬಿಳಿಯರ ಹೆಜ್ಜೆ’ ಅಂತಲೇ ಕರೆದರಂತೆ. ದಾರಿಯ ಅಂಚಿನಲ್ಲಿ ಇಂಥ ಗಿಡಗಳೇ ಹೆಚ್ಚುತ್ತಿವೆ ಅಂದರೆ, ಹಸಿರು ಇದೆಯಲ್ಲ ಅಂತ ಸಮಾಧಾನ ಪಡಬೇಡಿ. ಬೇರೆಯವು ಜಾಗ ಖಾಲಿ ಮಾಡಿವೆ ಅಂತ ಅರ್ಥ. ನೆರಳಿನ ಗಿಡಗಳು ಬೆಳಕಿಗಾಗಿ ಅಗಲವಾದ ತೆಳು ಎಲೆ, ನೀರು ತುಂಬಿದ ಮೆದು ಕಾಂಡ ಮಾಡಿಕೊಂಡಿರುತ್ತವೆ. ನನ್ನ ಎರಡನೇ ಸುಣ್ಣದ ಗೆರೆ ಹೋಗಿದ್ದು ಸರಿಯಾಗಿ ಅವುಗಳ ಮೇಲೆ. ಸಣ್ಣ ಪೊದೆಗಳದು ಇನ್ನೊಂದು ಮೋಸ: ಗಟ್ಟಿ ಕಾಂಡ, ಮೊದಲು ತಡೆದುಕೊಂಡ ಹಾಗೆ ಕಾಣುತ್ತವೆ, ಆದರೆ ಮುರಿದ ಮೇಲೆ ಚೇತರಿಸಿಕೊಳ್ಳುವುದು ಬಹಳ ನಿಧಾನ.

ಮರಗಳು ತಡವಾಗಿ ದೂರು ಕೊಡುತ್ತವೆ. ಅವುಗಳ ನೀರು-ಪೋಷಕಾಂಶ ಹೀರುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ 30 ಸೆಂಟಿಮೀಟರಿನೊಳಗೇ ಇರುತ್ತವೆ. ನೆರಳು ಚೆನ್ನಾಗಿದೆ ಅಂತ ಜನ ಸೇರುವ ಮರದ ಸುತ್ತ ನೆಲ ಗಟ್ಟಿಯಾಗಿ, ವರ್ಷಗಳ ನಂತರ ತುದಿಯ ಕೊಂಬೆಗಳು ಒಣಗತೊಡಗುತ್ತವೆ. ಆಗ ಎಲ್ಲರೂ ರೋಗ ಹುಡುಕುತ್ತಾ ಮೇಲೆ ನೋಡುತ್ತಾರೆ.

ಎಡವಟ್ಟಿನ ನಂತರ ನಮ್ಮ ಕೆಲಸದ ದಿಕ್ಕು ತಿರುಗಿತು. ಜನರನ್ನು ಹಂಚುವುದು ಬಿಟ್ಟು ಒಂದೇ ದಾರಿಯಲ್ಲಿ ಹಿಡಿದಿಡುವುದು. ಇದಕ್ಕೆ ಬೋರ್ಡು ಉಪಯೋಗಕ್ಕೆ ಬಾರದು. ದಾರಿ ಚೆನ್ನಾಗಿದ್ದರೆ ಜನ ಅದರಲ್ಲೇ ಹೋಗುತ್ತಾರೆ, ಕೆಟ್ಟಿದ್ದರೆ ಪಕ್ಕಕ್ಕೆ ಸರಿಯುತ್ತಾರೆ. ನಡುವೆ ಕೆಸರು ನಿಂತರೆ ಬಳಸಿಕೊಂಡು ಹೋಗುತ್ತಾರೆ, ಬಳಸಿದ ಜಾಗ ಕೆಸರಾಗುತ್ತದೆ, ಮುಂದಿನವರು ಅದನ್ನೂ ಬಳಸುತ್ತಾರೆ. ಮೂರಡಿಯ ದಾರಿ ಹೀಗೆ ಹದಿನೈದು ಅಡಿ ಆಗಿದ್ದನ್ನು ನೋಡಿದ್ದೇನೆ. ಹಾಗಾಗಿ ನಮ್ಮ ಮುಖ್ಯ ಕೆಲಸ ಜನರನ್ನು ಕಾಯುವುದಕ್ಕಿಂತ ನೀರನ್ನು ಓಡಿಸುವುದು. ದಾರಿಯ ಮೈಯನ್ನು ಇಳಿಜಾರಿನ ಕಡೆ ನೂರಕ್ಕೆ ಐದರಷ್ಟು ವಾಲಿಸಿದರೆ ನೀರು ಅಡ್ಡಲಾಗಿ ದಾಟಿ ಹೋಗುತ್ತದೆ. ಗುಡ್ಡವನ್ನು ನೇರ ಹತ್ತುವ ದಾರಿ ಮಾತ್ರ ಮಾಡಲೇಬಾರದು. ದಾರಿಯ ಏರು, ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು ಅಂತ ದಾರಿ ಕಟ್ಟುವವರ ಒಂದು ಲೆಕ್ಕವಿದೆ. ಮೀರಿದರೆ ನೀರು ದಾರಿಯನ್ನೇ ಕಾಲುವೆ ಮಾಡಿಕೊಂಡು ಕೊರಕಲು ಬೀಳಿಸುತ್ತದೆ. ತೀರ ಜೌಗು ಇರುವಲ್ಲಿ ಕಲ್ಲು ಹಾಸಿದೆವು, ಇಲ್ಲವೇ ಹಲಗೆ ಎತ್ತರಿಸಿ ಕಟ್ಟಿದೆವು.

ಮುಚ್ಚಿದ ದಾರಿಗಳ ಕಥೆ ಬೇರೆ. ಬರೀ ಹಗ್ಗ ಕಟ್ಟಿದರೆ ಅದನ್ನು ದಾಟಿಕೊಂಡು ಹೋಗುತ್ತಿದ್ದರು. ದಾರಿಯ ಬಾಯಿಯೇ ಕಾಣದಂತೆ ಒಣ ಕೊಂಬೆ, ತರಗೆಲೆ ಹಾಕಿ, ಮೊದಲ ಹತ್ತು ಹದಿನೈದು ಮೀಟರ್ ಪೂರ್ತಿ ಮರೆಸಿದ ಮೇಲೆ ನಿಂತರು. ಕಣ್ಣಿಗೆ ದಾರಿ ಕಂಡರೆ ಕಾಲು ಹೋಗೇ ಹೋಗುತ್ತದೆ. ಇನ್ನೊಂದು ತಪ್ಪು ಕೂಡ ಮಾಡಿದ್ದೆವು: ನೆಲ ಸಡಿಲಿಸದೆ ಬೀಜ ಎರಚಿದ್ದು. ಮೊಳಕೆ ಬಂತು, ಬೇರು ಕೆಳಗಿಳಿಯಲಾಗದೆ ಎರಡನೇ ಬಿಸಿಲಿಗೆ ಬಾಡಿತು. ಮಣ್ಣು ಹದವಾಗಿ ಒಣಗುವುದನ್ನು ಕಾದು, ಹಾರೆಯಿಂದ ಮೀಟಿ ಸಡಿಲಿಸಿ, ಎಲೆಗೊಬ್ಬರ ಸೇರಿಸಿ, ಮೇಲೆ ತರಗೆಲೆಯ ಹೊದಿಕೆ ಹಾಕಿದ ಕಡೆ ಮಾತ್ರ ಉಳಿಯಿತು. ಎರೆಹುಳುಗಳು ವಾಪಸ್ಸು ಬರಲು ಮತ್ತೂ ಹೊತ್ತು ಹಿಡಿಯಿತು. ಮರದ ಬುಡದಲ್ಲಂತೂ ಹಾರೆ ಹಾಕುವ ಹಾಗಿಲ್ಲ, ಉಳಿದಿರುವ ಬೇರೂ ತುಂಡಾಗುತ್ತದೆ. ಅಲ್ಲಿ ಹೊದಿಕೆ ಹಾಕಿ ಕಾಯುವುದೊಂದೇ.

ಬಯಲಿನ ದಾರಿ ಮುಚ್ಚಿ ಈಗ ಆರು ವರ್ಷ. ಮೇಲುಮೇಲೆ ನೋಡಿದವರಿಗೆ ಅದು ಬರೀ ಹುಲ್ಲು. ಮೊನ್ನೆ ರಾತ್ರಿ ಜೋರು ಮಳೆ ಬಂದಿತ್ತು. ಬೆಳಗ್ಗೆ ಮೇಸ್ತ್ರಿ ಕರೆದು ತೋರಿಸಿದರು: ಸುತ್ತ ಎಲ್ಲ ಕಡೆ ನೀರು ಇಂಗಿತ್ತು, ಹುಲ್ಲಿನ ನಡುವೆ ಎರಡಡಿ ಅಗಲದ ನೀರಿನ ಗೆರೆಯೊಂದು ಮಾತ್ರ ಹೊಳೆಯುತ್ತಾ ಕೊಳದ ತನಕ ಹೋಗಿತ್ತು. ನಾನು ಸುಣ್ಣ ಹಾಕಿದ ಕಡೆ ಎಲ್ಲಿ ಬಾಗಿಸಿದ್ದೆನೋ ಅಲ್ಲೇ ಬಾಗಿತ್ತು.