ಲೀಗ್ ಅಂತೀರಿ, ಫೈನಲ್ ಯಾವಾಗ ಅದರಿ?

ನಾನು ಫುಟ್‌ಬಾಲ್ ನೋಡುತ್ತೇನೆ ಅಂತ ಗೊತ್ತಿರುವ ಕಲಬುರಗಿಯ ಮಂದಿ ಕೇಳುವುದು ಇದೊಂದೇ. "ಇಂಗ್ಲೆಂಡ್ ಲೀಗಿನ ಫೈನಲ್ ಯಾವಾಗ ಅದರಿ?" ಫೈನಲ್ ಇರುವುದಿಲ್ಲ ಅಂದರೆ ನಂಬುವುದೇ ಇಲ್ಲ. "ಫೈನಲೇ ಇಲ್ಲಂದ್ರ ಕಪ್ ಯಾರಿಗಿ ಕೊಡ್ತಾರ?" ಅವರ ತಪ್ಪೇನೂ ಇಲ್ಲ. ಊರಿನ ಟೆನಿಸ್ ಬಾಲ್ ಟೂರ್ನಿಯಿಂದ ಐಪಿಎಲ್ ತನಕ ನಾವು ನೋಡಿದ್ದೆಲ್ಲ ಫೈನಲ್ಲೇ.

ಲೆಕ್ಕ ಸರಳ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ತಂಡ. ಪ್ರತಿ ತಂಡ ಉಳಿದ 19 ತಂಡಗಳ ಜೊತೆ ಎರಡೆರಡು ಸಲ ಆಡುತ್ತದೆ, ಒಮ್ಮೆ ತನ್ನ ಮೈದಾನದಲ್ಲಿ, ಒಮ್ಮೆ ಅವರಲ್ಲಿ. ಒಟ್ಟು 38 ಪಂದ್ಯ. ಗೆದ್ದರೆ 3 ಅಂಕ, ಡ್ರಾ ಆದರೆ 1. ಮೇ ತಿಂಗಳಲ್ಲಿ ಯಾರ ಅಂಕ ಜಾಸ್ತಿಯೋ ಅವರೇ ಚಾಂಪಿಯನ್. ಕೊನೆಯ ಮೂರು ತಂಡ ಕೆಳಗಿನ ಲೀಗಿಗೆ ಹೋಗುತ್ತವೆ. ಗಂಜ್‌ನಲ್ಲಿ ತೊಗರಿ ಅಡತಿ ಇರುವ ಗೆಳೆಯನಿಗೆ ಇಷ್ಟು ಹೇಳಿದ್ದೇ ತಡ, "ಅಂದ್ರ ಒಂದಿನದ ಧಾರಣಿ ನೋಡಂಗಿಲ್ಲ, ಪೂರಾ ಸೀಜನ್ ಲೆಕ್ಕ" ಅಂದ. ಆಮೇಲೆ ಅವನೇ ಕೇಳಿದ: "ಹಂಗಾದ್ರ ಮಜಾ ಎಲ್ಲದ?"

ಮಜಾ ಬೇಕಂದ್ರೆ 2011-12ರ ಸೀಜನ್ ನೋಡಬೇಕು. ಮ್ಯಾಂಚೆಸ್ಟರ್ ಸಿಟಿ, ಮ್ಯಾಂಚೆಸ್ಟರ್ ಯುನೈಟೆಡ್ ಇಬ್ಬರದೂ 89 ಅಂಕ. ಆಗ ನೋಡುವುದು ಗೋಲ್ ವ್ಯತ್ಯಾಸ, ಅಂದರೆ ಹೊಡೆದ ಗೋಲಿನಲ್ಲಿ ತಿಂದ ಗೋಲು ಕಳೆಯುವುದು. ಐಪಿಎಲ್‌ನಲ್ಲಿ ನೆಟ್ ರನ್ ರೇಟ್ ನೋಡುತ್ತಾರಲ್ಲ, ಹಾಗೆ. ಸಿಟಿಯದು 64, ಯುನೈಟೆಡ್‌ದು 56. ಕಪ್ ಸಿಟಿಗೆ. ಕೊನೆಯ ದಿನ 94ನೇ ನಿಮಿಷದಲ್ಲಿ ಸಿಟಿಯ ಅಗ್ವೆರೊ ಹೊಡೆದ ಗೆಲುವಿನ ಗೋಲು ಎಲ್ಲರಿಗೂ ನೆನಪಿದೆ. ನನಗೆ ಅದಕ್ಕಿಂತ ದೊಡ್ಡದು 2011ರ ಅಕ್ಟೋಬರ್ 23. ಅವತ್ತು ಯುನೈಟೆಡ್ ತನ್ನ ಮೈದಾನದಲ್ಲೇ ಸಿಟಿಗೆ 1-6 ಸೋತಿತು. ಒಬ್ಬ ರೆಡ್ ಕಾರ್ಡ್ ತಿಂದು ಹೊರಗೆ, ಯುನೈಟೆಡ್‌ನಲ್ಲಿ ಹತ್ತೇ ಮಂದಿ ಉಳಿದಿದ್ದರು. 81ನೇ ನಿಮಿಷಕ್ಕೆ 1-3 ಆಗಿತ್ತು. ಸೋತರೂ ಪರವಾಗಿಲ್ಲ ಅಂತ ಹಿಂದೆ ನಿಂತು ಕಾಯಬಹುದಿತ್ತು. ಮುಂದೆ ನುಗ್ಗಿದರು, ಕೊನೆಕೊನೆಗೆ ಇನ್ನೂ ಮೂರು ತಿಂದರು. ಆ ಒಂದು ಪಂದ್ಯ ಪಕ್ಕಕ್ಕಿಟ್ಟು ಲೆಕ್ಕ ಹಾಕಿ: ಸಿಟಿ 59, ಯುನೈಟೆಡ್ 61! ಅಂದರೆ ಫೈನಲ್ ಅಕ್ಟೋಬರ್‌ನಲ್ಲೇ ಆಗಿಹೋಗಿತ್ತು, ಮೇ ತನಕ ಯಾರಿಗೂ ಗೊತ್ತಿರಲಿಲ್ಲ ಅಷ್ಟೇ.

ಒಮ್ಮೊಮ್ಮೆ ಲೀಗೇ ತಾನಾಗಿ ಫೈನಲ್ ಕೊಡುತ್ತದೆ. ಆಗ ನಮ್ಮ ದೇಶದ ಫುಟ್‌ಬಾಲ್ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ 2015ರ ಮೇ 31ರಂದು ಆಗಿದ್ದು ಅದೇ. ಕಂಠೀರವದಲ್ಲಿ ಬೆಂಗಳೂರು ಎಫ್‌ಸಿ, ಮೋಹನ್ ಬಗಾನ್ ಎದುರುಬದುರು. ಬೆಂಗಳೂರಿಗೆ ಗೆಲ್ಲಲೇಬೇಕು, ಬಗಾನ್‌ಗೆ ಡ್ರಾ ಸಾಕು. ಜಾನ್ ಜಾನ್ಸನ್ ಗೋಲಿನಿಂದ ನಾವು ಮುಂದಿದ್ದೆವು. 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ. 1-1. ಟ್ರೋಫಿ ಕೋಲ್ಕತ್ತಾಗೆ ಹೋಯಿತು. ಬೇಜಾರಾಯಿತು, ಆದರೆ ಅನ್ಯಾಯ ಅನ್ನಿಸಲಿಲ್ಲ.

ಅನ್ಯಾಯ ಅನ್ನಿಸಿದ್ದು 2017-18ರಲ್ಲಿ. ಐಎಸ್‌ಎಲ್‌ಗೆ, ಅಂದರೆ ಇಂಡಿಯನ್ ಸೂಪರ್ ಲೀಗಿಗೆ ಬಂದ ಮೊದಲ ವರ್ಷವೇ ಬೆಂಗಳೂರು 18 ಪಂದ್ಯಗಳಲ್ಲಿ 40 ಅಂಕ ತೆಗೆಯಿತು. ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ 8 ಜಾಸ್ತಿ. ಇಂಗ್ಲೆಂಡಿನಲ್ಲಾಗಿದ್ದರೆ ಅಲ್ಲಿಗೇ ಮೆರವಣಿಗೆ. ಇಲ್ಲಿ ಆಗ ಪ್ಲೇ ಆಫ್, ಅದರ ಮೇಲೆ ಫೈನಲ್. ಅದೇ ಚೆನ್ನೈಯಿನ್ ಎದುರು ನಮ್ಮದೇ ಕಂಠೀರವದಲ್ಲಿ 2-3 ಸೋತೆವು, ತಿಂಗಳುಗಟ್ಟಲೆ ಆಡಿದ್ದು ಒಂದು ಸಂಜೆಯಲ್ಲಿ ಹೋಯಿತು. ಲೀಗಿನಲ್ಲಿ ಮೊದಲು ಬಂದವರಿಗೆ ಶೀಲ್ಡ್ ಕೊಡಲು ಶುರು ಮಾಡಿದ್ದು 2019-20ರಿಂದ. ಅದನ್ನು ಮೊದಲು ಎತ್ತಿದ್ದು ಎಫ್‌ಸಿ ಗೋವಾ. ಶೀಲ್ಡ್ ಬಂದ ಮೇಲೂ ಜನಕ್ಕೆ ಫೈನಲ್ ಗೆದ್ದವರ ಕಪ್ಪೇ ದೊಡ್ಡದು. ನನಗೆ ಶೀಲ್ಡ್. ಇದರ ಬಗ್ಗೆ ಸುಮ್ನೆ ಜಗಳ ಬೇಡ, ನಾನು ಬದಲಾಗುವವನಲ್ಲ.

ಇಷ್ಟು ಹೇಳಿದರೂ "ಒಂದೇ ದಿನ ನೋಡ್ತೀನಿ, ಯಾವುದು ನೋಡ್ಲಿ?" ಅನ್ನುವವರಿದ್ದಾರೆ. ಪ್ರೀಮಿಯರ್ ಲೀಗಿನ ಕೊನೆಯ ದಿನ ನೋಡಿ. ಇನ್ನೊಬ್ಬರ ಫಲಿತಾಂಶ ತಿಳಿದುಕೊಂಡು ಯಾರೂ ಆಡಬಾರದು ಅಂತ ಹತ್ತೂ ಪಂದ್ಯ ಒಂದೇ ಹೊತ್ತಿಗೆ ಶುರುವಾಗುತ್ತವೆ. ಸಾಮಾನ್ಯವಾಗಿ ನಮ್ಮ ರಾತ್ರಿ ಎಂಟೂವರೆಗೆ. ಟಿವಿಯಲ್ಲಿ ಮೇಲಿನವರ ಪಂದ್ಯ ಹಚ್ಚಿ, ಮೊಬೈಲ್‌ನಲ್ಲಿ ಕೆಳಗಿನ ಮೂರು ಸ್ಥಾನದ ಮೇಲೆ ಕಣ್ಣಿಡಿ. ಜಾಸ್ತಿ ಅಳು ಅಲ್ಲೇ ಇರುತ್ತದೆ.